ಮೌನದ ಬೀರುವಿನ ಮೂರನೇ ಟ್ರೇ

ನೂರಕ್ಕ ಸತ್ತವನ್ನು ಮೊದಲು ಎಣಿಸುತ್ತಿದ್ದಳು.

ಬೀಜಗಳ ಮಾತು ಹೇಳುತ್ತಿದ್ದೇನೆ. ಒದ್ದೆ ಕಾಗದದ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು ನೂರು ಬೀಜ ಇಟ್ಟು, ನಾಲ್ಕನೇ ದಿನ ಎಷ್ಟು ಮೊಳೆತಿವೆ ಎಂದು ನೋಡುವುದು ನಮ್ಮ ಬೀಜ ಪರೀಕ್ಷಾ ಕೇಂದ್ರದ ನಿತ್ಯದ ಕೆಲಸ. ಬೇರೆ ಯಾರನ್ನೇ ಕೂರಿಸಿದರೂ ಬಿಳಿ ಬೇರು ಚಾಚಿದ್ದನ್ನು ಎಣಿಸುತ್ತಾರೆ. ಇವಳು ಮಾತ್ರ ಸುಮ್ಮನೆ ಮಲಗಿದ್ದನ್ನು ಎಣಿಸಿ, ನೂರರಲ್ಲಿ ಕಳೆದು, ಆಮೇಲೆ ಮೊಳೆತದ್ದನ್ನು ಎಣಿಸಿ ತಾಳೆ ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾಕೆ ಹೀಗೆ ಎಂದು ಕೇಳಿದ್ದೆ.

"ಮೊಳಕೆ ಕಂಡ್ರೆ ಕಣ್ಣಿಗೆ ಖುಷಿ ಆಗುತ್ತೆ ಕಣೇ. ಖುಷಿಯಾದ ಕಣ್ಣು ಉಬ್ಬಿರೋದನ್ನೂ ಮೊಳೆತಿದೆ ಅನ್ನುತ್ತೆ. ಸತ್ತಿರೋದನ್ನ ಮೊದಲು ನೋಡಿದ್ರೆ ಕಣ್ಣು ನೆಟ್ಟಗಿರುತ್ತೆ."

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿದಿತ್ತು. ಮೂವತ್ತಮೂರು ವರ್ಷ ನೂರು ನೂರು ಎಂದು ಎಣಿಸಿದವಳಿಗೆ ಎಲ್ಲರೂ ನೂರಕ್ಕ ಎಂದೇ ಕರೆಯುತ್ತಿದ್ದರು. ಮೊದಲ ದಿನ ನಾನು "ನೀವು" ಎಂದಾಗ ಕುಂಚ ಕೆಳಗಿಟ್ಟು, "ನಾನು ಒಬ್ಬಳೇ ಇದ್ದೀನಲ್ಲ? ನೀವು ಗೀವು ಅಂದ್ರೆ ಎಣಿಕೆ ತಪ್ಪುತ್ತೆ. ನೀನು ಅನ್ನು ಸಾಕು," ಎಂದಿದ್ದಳು.

ಅವಳ ಬಗ್ಗೆ ಬರೆಯಬೇಕೆಂದು ದಿನಚರಿ ತೆರೆದಾಗಲೆಲ್ಲ ಅವಳ ಒಳ್ಳೆಯತನದಿಂದ ಶುರು ಮಾಡಿ ಎರಡು ಪುಟ ಆದ ಮೇಲೆ ನಿಲ್ಲಿಸುತ್ತಿದ್ದೆ. ನಾನು ಅವಳಿಗೆ ಮಾಡಿದ್ದನ್ನು ಬಿಟ್ಟು ಬರೆದರೆ ಅದೂ ಖುಷಿಯಾದ ಕಣ್ಣಿನ ಎಣಿಕೆಯೇ. ಹಾಗಾಗಿ ಈ ಸಲ ಎಲ್ಲವನ್ನೂ ಬರೆಯುತ್ತೇನೆ.

ನೂರಕ್ಕ ಬಾಟಲಿ ತೊಳೆಯುವ ಕೆಲಸಕ್ಕೆಂದು ಇಪ್ಪತ್ತೈದನೇ ವಯಸ್ಸಿಗೆ ಬಂದವಳು. ಎಣಿಸುತ್ತಿದ್ದ ಹಳೆಯ ಗುಮಾಸ್ತರು ಒಂದು ದಿನ ನೆಗಡಿಯಿಂದ ಸೀನಿ ಮುನ್ನೂರು ಸಾಸಿವೆಯಂಥ ಬೀಜ ನೆಲದ ಪಾಲು ಮಾಡಿದಾಗ, ಅವನ್ನೆಲ್ಲ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿ, "ಇನ್ನೂರ ತೊಂಬತ್ತೊಂಬತ್ತು ಸಿಕ್ತು, ಒಂದು ನಿಮ್ಮ ಮೀಸೆಯಲ್ಲಿದೆ," ಎಂದು ಹೇಳಿದಳಂತೆ. ಅಂದಿನಿಂದ ಅವಳಿಗೆ ಕಿಟಕಿ ಪಕ್ಕದ ಮೇಜು. ಅದೇ ಕುಂಚ, ಹಿಡಿಗೆ ನೂಲು ಸುತ್ತಿದ್ದು, ಇವತ್ತಿಗೂ ಅವಳದೇ. ಬೀಜವನ್ನು ಉಗುರಿನಿಂದ ಮುಟ್ಟುತ್ತಿರಲಿಲ್ಲ. ಯಾರಾದರೂ ಮುಟ್ಟಿದರೆ, "ನಿನ್ನನ್ನ ಹುಟ್ಟಿದ ದಿನ ಹೀಗೇ ಚಿವುಟಿದ್ರಾ?" ಎನ್ನುತ್ತಿದ್ದಳು.

ಎಣಿಸುವುದು ಅವಳಿಗೆ ಮೇಜಿನ ಮುಂದೆ ಮಾತ್ರ ಇದ್ದ ಚಟವಲ್ಲ. ಕೇಂದ್ರದ ಮೆಟ್ಟಿಲು ಇಪ್ಪತ್ತೆರಡು, ಬಸ್ಸಿನಲ್ಲಿ ಇವತ್ತು ಹದಿಮೂರು ಛತ್ರಿ, ದೊಡ್ಡ ಮೇಡಂ ಸಭೆಯಲ್ಲಿ "ಅಂದರೆ" ಎಂದದ್ದು ನಲವತ್ತೊಂದು ಸಲ. ಎಲ್ಲ ಬಾಯಲ್ಲೇ ಇರುತ್ತಿತ್ತು.

ಮಗು ಹುಟ್ಟಿ ಆರು ತಿಂಗಳಾದ ಮೇಲೆ ನಾನು ಕೆಲಸಕ್ಕೆ ಮರಳಿದೆ. ನನ್ನ ಕೆಲಸ ರಿಜಿಸ್ಟರ್ ಬರೆಯುವುದು: ನೂರಕ್ಕ ಹೇಳಿದ ಸಂಖ್ಯೆ, ಗಂಟೆಗೊಮ್ಮೆ ಬೀರುಗಳೊಳಗಿನ ಉಷ್ಣಾಂಶ. ಮೊದಲ ವಾರವೇ ಬಿಳಿ ಕೋಟಿನ ಎದೆಯ ಮೇಲೆ ಹಾಲಿನ ಕಲೆ ಎದ್ದು ನಾಚಿಕೆಯಿಂದ ಮೂಲೆ ಹಿಡಿದಿದ್ದೆ. ನೂರಕ್ಕ ಕೋಟನ್ನು ಮನೆಗೊಯ್ದು, ಒಳಗಡೆ ಹಳೆಯ ಹತ್ತಿ ಬಟ್ಟೆಯ ಎರಡು ಪದರ ಕೊಟ್ಟು ಹೊಲಿದು ತಂದಳು. "ಗಂಟೆಗೆ ಎಷ್ಟು ಸಲ ಮಗೂನ ನೆನೆಸ್ಕೊತೀಯ, ಅಷ್ಟು ಸಲ ಒದ್ದೆ ಆಗುತ್ತೆ. ನೆನೆಸ್ಕೋಬೇಡ ಅಂತ ಹೇಳೋಕಾಗಲ್ಲ, ಅದಕ್ಕೇ ಬಟ್ಟೆ," ಎಂದಳು.

ಆ ಹೊತ್ತಿಗೆ ಕೇಂದ್ರದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. ಊರಾಚೆ ಸಸಿ ಬೆಳೆಸುವವರು ಕೆಲವರು ಬಂದು, ತಮ್ಮ ಮಡಿಗಳ ಪಕ್ಕ ಮೊಬೈಲ್ ಟವರ್ ಎದ್ದ ಮೇಲೆ ಬೀಜ ಸರಿಯಾಗಿ ಮೊಳೆಯುತ್ತಿಲ್ಲ ಎಂದು ದೂರು ಕೊಟ್ಟಿದ್ದರು. ಟವರಿನಿಂದ ಬರುವ ತರಂಗ ಕ್ಷಕಿರಣದಂಥದ್ದಲ್ಲ, ಜೀವಕಣವನ್ನು ಒಡೆಯುವಷ್ಟು ಕಸುವು ಅದಕ್ಕಿಲ್ಲ, ಹೆಚ್ಚೆಂದರೆ ಸ್ವಲ್ಪ ಬಿಸಿ ಮಾಡೀತು ಎಂದು ಪುಸ್ತಕಗಳು ಹೇಳುತ್ತವೆ. ಆದರೂ ಅಲ್ಲೊಂದು ಇಲ್ಲೊಂದು ಪರೀಕ್ಷೆ ಬೇರೆ ಬೇರೆ ಹೇಳುತ್ತದೆ: ಒಂದರಲ್ಲಿ ಮೊಳಕೆ ಕುಗ್ಗಿತು, ಇನ್ನೊಂದರಲ್ಲಿ ಹಿಗ್ಗಿತು, ಮತ್ತೊಂದರಲ್ಲಿ ಏನೂ ಆಗಲಿಲ್ಲ. ನಾವೇ ನೋಡಿಬಿಡೋಣ ಎಂದು ದೊಡ್ಡ ಮೇಡಂ ಎರಡು ವರ್ಷದಿಂದ ಕೂತಿದ್ದರು.

ಒಂದೇ ಕೋಣೆಯಲ್ಲಿ ಎದುರುಬದುರು ಎರಡು ಪ್ಲೈವುಡ್ ಬೀರು. ಎರಡರಲ್ಲೂ ನಾಲ್ಕು ನಾಲ್ಕು ಹಲಗೆ, ಹಲಗೆಗೊಂದು ಟ್ರೇ, ಟ್ರೇಗೆ ನೂರು ಮೂಲಂಗಿ ಬೀಜ. ಒಂದು ಬೀರುವಿನಲ್ಲಿ ಫೋನಿನಂಥ ತರಂಗ ಬಿಡುವ ಡಬ್ಬಿ ಹಗಲೂ ರಾತ್ರಿ ಚಾಲೂ. ಇನ್ನೊಂದರಲ್ಲಿ ಅದೇ ಆಕಾರದ ಖಾಲಿ ಡಬ್ಬಿ. ಉಳಿದದ್ದೆಲ್ಲ ಸಮಾನ: ಅದೇ ನೀರು, ಅದೇ ಬೆಳಕು, ಅದೇ ಬಿಸಿ. ನೂರಕ್ಕ ಇವಕ್ಕೆ ಮಾತಿನ ಬೀರು, ಮೌನದ ಬೀರು ಎಂದು ಹೆಸರಿಟ್ಟಳು. ಸುತ್ತಲಿನ ತರಂಗ ತುಸು ಇದ್ದೇ ಇರುತ್ತದೆ, ಅದು ಎರಡಕ್ಕೂ ಒಂದೇ. ಆದರೆ ಕೋಣೆಯೊಳಗೆ ಯಾರ ಫೋನೂ ಬರಕೂಡದು. ಬಾಗಿಲ ಹೊರಗೆ ಫೋನು ಬಿಟ್ಟುಹೋಗಲು ಗೂಡುಗಳ ಮರದ ಹಲಗೆ. ಕಾವಲಿಗೆ ಕೂತವನು ಬಾಗಿಲಣ್ಣ. ಸಾಲದ್ದಕ್ಕೆ ಮೇಡಂ ಎಲ್ಲ ಕೋಟುಗಳ ಜೇಬನ್ನೂ ಹೊಲಿಸಿ ಮುಚ್ಚಿಸಿಬಿಟ್ಟಿದ್ದರು. ಹೊಲಿದವಳು ನೂರಕ್ಕನೇ. "ಜೇಬಿಲ್ಲದ ಕೋಟು, ಬಾಲ ಇಲ್ಲದ ಕೋತಿ," ಎಂದು ಬಾಗಿಲಣ್ಣ ಎಲ್ಲರನ್ನೂ ಕಿಚಾಯಿಸುತ್ತಿದ್ದ.

ಆ ಸೋಮವಾರ ಬೆಳಿಗ್ಗೆ ಹೊಸ ಸುತ್ತು ಶುರುವಾಯಿತು. ಅದರ ಹಿಂದಿನ ಗುರುವಾರ ನನ್ನ ಪುಟ್ಟಿಗೆ ಜ್ವರ ಏರಿ ಸೆಳೆತ ಬಂದಿತ್ತು. ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದು, ಒಂದು ನಿಮಿಷವೋ ಎರಡೋ. ಆಮೇಲೆ ಏನೂ ಆಗದವಳಂತೆ ನಿದ್ದೆ. ಒಂಬತ್ತು ತಿಂಗಳ ಮಗುವಿಗೆ ಹೀಗಾಗುವುದುಂಟು, ಹೆದರಬೇಡಿ ಎಂದು ವೈದ್ಯರು ಹೇಳಿದರು. ಹೇಳುವುದು ಸುಲಭ.

ಮಗುವನ್ನು ನೋಡಿಕೊಳ್ಳುವವರು ನನ್ನ ಅತ್ತೆ. ಗಟ್ಟಿ ಹೆಂಗಸು. ಆದರೂ ಸೋಮವಾರ ಹೊರಡುವಾಗ ನನ್ನ ಮುಖ ನೋಡಿ, "ಗಂಟೆಗೊಂದು ಸಲ ಬರೆದು ಕಳಿಸ್ತೀನಿ, ನಡಿ. ಬರೀಲಿಲ್ಲ ಅಂದ್ರೆ ನಾನೇ ಸತ್ತಿದ್ದೀನಿ ಅಂದ್ಕೋ," ಎಂದರು.

ಫೋನನ್ನು ಬಾಗಿಲಣ್ಣನ ಗೂಡಿನಲ್ಲಿ ಬಿಟ್ಟರೆ ಊಟದ ಹೊತ್ತಿನವರೆಗೆ ನೋಡುವಂತಿಲ್ಲ. ಹಾಲು ತೆಗೆಯುವ ಪಂಪಿನ ಚೀಲವನ್ನು ಮಾತ್ರ ಅವನು ಎಂದೂ ಬಿಚ್ಚಿ ನೋಡುತ್ತಿರಲಿಲ್ಲ, ಅವನೇ ನಾಚಿಕೊಂಡು ಅತ್ತ ತಿರುಗುತ್ತಿದ್ದ. ಆ ನಾಚಿಕೆಯನ್ನು ನಾನು ಬಳಸಿಕೊಂಡೆ. ಚೀಲದಲ್ಲಿ ಫೋನು ಒಳಗೆ ಬಂತು. ಜೇಬಿಲ್ಲ, ಮೇಜಿನ ಮೇಲೆ ಇಡುವಂತಿಲ್ಲ. ಗಂಟೆಗೊಮ್ಮೆ ನಾನು ತೆರೆಯಲೇಬೇಕಾದ ಜಾಗ ಎರಡೇ, ಆ ಎರಡು ಬೀರು. ಟ್ರೇಗಳಿಗೆ ನಾಲ್ಕು ಗಿಡ್ಡ ಕಾಲು, ಅಡಿಯಲ್ಲಿ ಫೋನು ನುಸುಳುವಷ್ಟು ಸಂದು. ಮೌನದ ಬೀರುವಿನ ಮೂರನೇ ಹಲಗೆ ನನ್ನ ಸೊಂಟದ ಎತ್ತರಕ್ಕಿತ್ತು, ಹಿಂದೆ ದೀಪಕ್ಕೆಂದು ಇದ್ದ ಪ್ಲಗ್ಗಿನಲ್ಲಿ ಒಂದು ಜಾಗ ಖಾಲಿ ಇತ್ತು. ನನ್ನದು ಹಳೆಯ ಫೋನು, ಚಾರ್ಜರ್ ಸಿಕ್ಕಿಸದಿದ್ದರೆ ಎರಡು ಗಂಟೆಯಲ್ಲಿ ಕಣ್ಣು ಮುಚ್ಚುತ್ತದೆ. ಸಿಕ್ಕಿಸಿದೆ.

ಬುದ್ಧಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಆ ಬೀರು ಯಾಕಿದೆ ಎಂದು ರಿಜಿಸ್ಟರಿನ ಮೊದಲ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದ್ದೆ. ಇಷ್ಟು ಚಿಕ್ಕ ಫೋನು ಏನು ಮಾಡೀತು ಎಂದುಕೊಂಡೆ. ನಾಲ್ಕು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ. ಗಂಟೆಗೊಮ್ಮೆ ಬಾಗಿಲು ತೆರೆದು, ಮೇಲೆ ನೇತುಹಾಕಿದ ಉಷ್ಣಮಾಪಕ ಓದಿ, ಬಗ್ಗಿ, ಟ್ರೇ ಅಡಿಯಿಂದ ಒಂದು ಸಾಲು ಓದುತ್ತಿದ್ದೆ. "ಮಲಗಿದಾಳೆ." "ಕುಡಿದ್ಳು." "ನನ್ನ ಕನ್ನಡಕ ಕಚ್ತಿದಾಳೆ." ಫೋನು ಕೈಗೆ ಬೆಚ್ಚಗಿರುತ್ತಿತ್ತು. ಆ ಬಿಸುಪೂ ನನಗೆ ಮಗುವಿನ ಸುದ್ದಿಯ ಹಾಗೇ ಹಿತವಾಗಿತ್ತು.

ಶುಕ್ರವಾರ ಎಣಿಕೆ. ಮಾತಿನ ಬೀರುವಿನ ನಾಲ್ಕು ಟ್ರೇಗಳಲ್ಲಿ ತೊಂಬತ್ತು, ತೊಂಬತ್ತೆರಡು, ಎಂಬತ್ತೊಂಬತ್ತು, ತೊಂಬತ್ತೊಂದು ಮೊಳೆತಿದ್ದವು. ಮೌನದ ಬೀರುವಿನ ಮೊದಲೆರಡು ಟ್ರೇ ತೊಂಬತ್ತೊಂದು, ತೊಂಬತ್ತು. ಮೂರನೆಯದರ ಮುಂದೆ ನೂರಕ್ಕ ಬಹಳ ಹೊತ್ತು ಕೂತಳು. ಒಂದು ಹಾಳೆಯಲ್ಲಿ ಹತ್ತು ಹತ್ತರ ಚೌಕ ಗೀಚಿ, ಸತ್ತ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದಳು. ಎರಡು ಸಲ ಎಣಿಸಿದಳು.

"ಸತ್ತಿರೋದು ನಲವತ್ತೊಂದು. ಮೊಳೆತಿರೋದು ಐವತ್ತೊಂಬತ್ತು. ಬರ್ಕೋ."

ನನ್ನ ಪೆನ್ನು ಏಳಲಿಲ್ಲ. ಅವಳು ನನ್ನ ಕಡೆ ನೋಡದೆ ಮತ್ತೆ ಹೇಳಿದಳು, "ಬರ್ಕೋ ಅಂದೆ." ನಾಲ್ಕನೆಯ ಟ್ರೇ ತೊಂಬತ್ತೊಂದು ಬಂತು.

ಮಧ್ಯಾಹ್ನ ದೊಡ್ಡ ಮೇಡಂ ಕರೆದರು. ತೆಳ್ಳನೆಯ ಹೆಂಗಸು, ಗಟ್ಟಿ ದನಿ ಎತ್ತಿದ್ದು ನಾನು ಕಂಡಿಲ್ಲ, ಅವತ್ತೂ ಎತ್ತಲಿಲ್ಲ.

"ಅಂದರೆ, ಏನೂ ಮಾಡದೇ ಇಟ್ಟ ಬೀಜ ಐವತ್ತೊಂಬತ್ತು. ಒಂದೇ ಚೀಲದ ಬೀಜ. ಒಂದೋ ನೀರು ತಪ್ಪಿದೆ, ಇಲ್ಲ ಎಣಿಕೆ ತಪ್ಪಿದೆ. ನೂರಕ್ಕ, ಕಣ್ಣು ತೋರಿಸಿ ಎಷ್ಟು ದಿನ ಆಯ್ತು?"

"ಕಣ್ಣಿಗೇನು ಮೇಡಂ, ಎದುರಿಗಿದ್ದದ್ದು ಕಾಣುತ್ತೆ."

"ಕೋಪ ಮಾಡ್ಕೋಬೇಡಿ. ಕಳೆದ ತಿಂಗಳು ಬಾಗಿಲಿಗೆ ಬದಲು ಗೋಡೆ ತಳ್ಳಿದ್ರಿ, ನಾನೇ ನೋಡಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಬೀರು ದಿನಕ್ಕೆ ಎಂಟು ಸಲ ತೆಗೆಯೋಳು ನೀನು. ಬೇರೆ ಏನಾದ್ರೂ ಆಯ್ತಾ? ಯಾರಾದ್ರೂ ಏನಾದ್ರೂ ಇಟ್ರಾ?"

"ಇಲ್ಲ ಮೇಡಂ," ಎಂದೆ.

ಎರಡೇ ಮಾತು. ಬಾಯಿಂದ ಇಷ್ಟು ಸಲೀಸಾಗಿ ಬಂತಲ್ಲ ಎಂದು ಈಗಲೂ ಅಚ್ಚರಿ. ಹೇಳಿದ್ದರೆ ಕೆಲಸ ಹೋಗುತ್ತದೆ ಎಂದು ಹೆದರಿದೆನೋ, ಇಲ್ಲ ಸೆಳೆತದ ಮಾತು ಆ ಕೋಣೆಯಲ್ಲಿ ಆಡಿದರೆ ಮತ್ತೆ ಬಂದೀತೆಂದು ಹೆದರಿದೆನೋ, ತಿಳಿಯದು.

ನೂರಕ್ಕ ಆಗ ನನ್ನನ್ನು ನೋಡಿದಳು. ಕನ್ನಡಕದ ದಾರವನ್ನು ಒಂದು ಸಲ ಸರಿಮಾಡಿಕೊಂಡು, "ನೀರು ನಾನೇ ಕಡಿಮೆ ಹಾಕಿರಬಹುದು," ಎಂದಳು.

ಸೋಮವಾರದಿಂದ ಅವಳನ್ನು ಕೆಳಗಿನ ಚೀಟಿ ಕೋಣೆಗೆ ಹಾಕುವುದೆಂದು ಮೇಡಂ ಹೇಳಿದರು. ಪೊಟ್ಟಣಗಳಿಗೆ ಅಂಟು ಬಳಿದು ಚೀಟಿ ಹಚ್ಚುವ ಕೆಲಸ, ಕಣ್ಣಿನ ವರದಿ ಬರುವವರೆಗೆ. ನಿವೃತ್ತಿಗೆ ಅವಳಿಗೆ ಇನ್ನು ಹದಿನಾಲ್ಕು ತಿಂಗಳು. ಎಣಿಕೆ ತಪ್ಪಿತೆಂದು ಚೀಟಿ ಕೋಣೆಗೆ ಹೋದವರು ಯಾರೂ ಮತ್ತೆ ಮೇಲೆ ಬಂದದ್ದಿಲ್ಲ. ಅವಳ ಮೇಜಿಗೆ ತಾತ್ಕಾಲಿಕವಾಗಿ ನಾನು.

ಶನಿವಾರ ರಿಜಿಸ್ಟರಿಗೆ ಅಚ್ಚುಕಟ್ಟಾಗಿ ಬರೆಯಲು ಕೂತಾಗ ಆ ಪುಟದ ನಡುವೆ ಅವಳ ಪೆನ್ಸಿಲ್ ಹಾಳೆ ಸಿಕ್ಕಿತು. ಮರೆತು ಬಿಟ್ಟದ್ದಲ್ಲ, ನಾಲ್ಕಾಗಿ ಮಡಚಿ ಇಟ್ಟದ್ದು. ಬಿಡಿಸಿ ನೋಡಿದೆ. ಒಂಬತ್ತು ಗುರುತು ಅಲ್ಲಲ್ಲಿ ಚೆದುರಿದ್ದವು, ಪ್ರತಿ ಟ್ರೇಯಲ್ಲೂ ಇರುವಂತೆ. ಉಳಿದ ಮೂವತ್ತೆರಡು ಒತ್ತೊತ್ತಾಗಿ ಒಂದೇ ಕಡೆ: ಅಗಲಕ್ಕೆ ನಾಲ್ಕು, ಉದ್ದಕ್ಕೆ ಎಂಟು. ಅವಳು ಚೌಕವನ್ನು ಟ್ರೇಯ ಅಳತೆಗೇ ಗೀಚಿದ್ದಳು. ಬಾಗಿಲಣ್ಣನ ಗೂಡಿನಿಂದ ಫೋನು ತಂದು, ಹೊರಗಿನ ಬೆಂಚಿನ ಮೇಲೆ ಕೂತು ಆ ಹಾಳೆಯ ಮೇಲೆ ಇಟ್ಟೆ. ಕತ್ತರಿಸಿ ಮಾಡಿದಂತೆ ಕೂತಿತು.

ಅಂದರೆ ಅವಳಿಗೆ ಗೊತ್ತಿತ್ತು. ಶುಕ್ರವಾರ ಮೇಡಂ ಮುಂದೆ ನಾನು "ಇಲ್ಲ" ಎಂದಾಗಲೂ ಗೊತ್ತಿತ್ತು.

ಭಾನುವಾರ ಮಗುವನ್ನೆತ್ತಿಕೊಂಡು ಅವಳ ಮನೆಗೆ ಹೋದೆ. ಬೀಗದ ಕೈ ಮಾಡುವವನ ಅಂಗಡಿ ಮೇಲೆ ಎರಡು ಕೋಣೆ, ಅವಳು ಮತ್ತು ಅವಳ ತಂಗಿ. ಕೆಳಗಿನಿಂದ ಲೋಹ ಉಜ್ಜುವ ಕಿರ್ರ್ ಸದ್ದು ಬರುತ್ತಲೇ ಇತ್ತು. ಮನೆಯಲ್ಲಿ ಒಂದು ಕುಂಡವಿಲ್ಲ, ಒಂದು ಬಳ್ಳಿಯಿಲ್ಲ. "ದಿನವಿಡೀ ಮೊಳಕೆ ನೋಡ್ತೀನಿ, ಮನೇಲಿ ಗೋಡೆ ನೋಡೋಣ ಅಂತ," ಎಂದಳು. ತಂಗಿ ಹೊಲಿಗೆ ಯಂತ್ರದ ಹಿಂದಿನಿಂದ, "ಗೋಡೇಲಿ ಎಷ್ಟು ಬಿರುಕಿದೆ ಕೇಳು, ಹೇಳ್ತಾಳೆ," ಎಂದಳು.

"ಏಳು," ಎಂದಳು ನೂರಕ್ಕ.

ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆಳತುಟಿ ಮೆಲ್ಲಗೆ ಸರಿಸಿ ಹಲ್ಲು ಎಣಿಸಿದಳು. "ಎರಡು. ಮೂರನೇದು ಒಳಗೆ ಇದೆ, ಇನ್ನೂ ಲೆಕ್ಕಕ್ಕಿಲ್ಲ." ಮಗು ಅವಳ ಕನ್ನಡಕದ ದಾರ ಹಿಡಿದೆಳೆಯಿತು. ಬಿಡಿಸಿಕೊಳ್ಳಲಿಲ್ಲ. "ಜ್ವರ ಗಿರ ಬಂದಿತ್ತಾ?"

"ಬಂದಿತ್ತು. ಈಗ ಇಲ್ಲ."

"ಸೆಳೆತ?"

"ಒಂದೇ ಸಲ."

"ಹ್ಞೂಂ." ಮಗುವಿನ ಬೆನ್ನ ಮೇಲೆ ಅವಳ ಕೈ ಆಡುತ್ತಿತ್ತು. "ಏನೋ ಹೇಳೋಕೆ ಬಂದ ಹಾಗಿದೆ."

ಹೇಳಬೇಕೆಂದೇ ಬಂದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ತಂಗಿ ಯಂತ್ರ ನಿಲ್ಲಿಸಿ ಕತ್ತರಿ ಹುಡುಕುತ್ತಿದ್ದಳು. ಕೆಳಗಿನ ಕಿರ್ರ್ ಸದ್ದೂ ಆಗಲೇ ನಿಂತಿತು.

"ಇಲ್ಲಕ್ಕಾ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ," ಎಂದೆ.

ಮೆಟ್ಟಿಲಿನವರೆಗೆ ಬಂದಳು. "ಹದಿನಾರು ಇದೆ, ಕೊನೇದು ಸಡಿಲ. ಮಗು ಜೋಪಾನ," ಎಂದಳಷ್ಟೇ.

ಮುಂದಿನ ಮೂರು ದಿನ ಅವಳ ಕುರ್ಚಿಯಲ್ಲಿ ಕೂತೆ. ನೂಲು ಸುತ್ತಿದ ಕುಂಚ ಅಲ್ಲೇ ಇತ್ತು, ಮುಟ್ಟಲಾಗದೆ ಉಗ್ರಾಣದಿಂದ ಬೇರೆ ತರಿಸಿಕೊಂಡೆ. ಫೋನು ಗೂಡಿನಲ್ಲೇ ಬಿಡುತ್ತಿದ್ದೆ. ಬಾಗಿಲಣ್ಣ, "ಮೇಲೆ ಕೂತ ಮೇಲೆ ಬಾಯಿಗೆ ಬೀಗ ಬಿತ್ತಾ? ನೂರಕ್ಕ ಇದ್ದಾಗ ಇಬ್ಬರೂ ಗುಬ್ಬಚ್ಚಿ ಹಾಗೆ ಕಿಚಿಕಿಚಿ ಅಂತಿದ್ರಿ," ಎಂದ. ಊಟದ ಹೊತ್ತಿಗೆ ಕೆಳಗೆ ಹೋದರೆ ನೂರಕ್ಕನ ಬೆರಳುಗಳ ತುದಿಯಲ್ಲಿ ಅಂಟು ಒಣಗಿ ಬಿಳಿ ಪೊರೆ ಎದ್ದಿರುತ್ತಿತ್ತು. ಆ ಬೆರಳಿಂದ ಅವಳು ನನಗೆ ಅರ್ಧ ಕಿತ್ತಳೆ ಸುಲಿದು ಕೊಡುತ್ತಿದ್ದಳು. ತಿನ್ನುತ್ತಿದ್ದೆ. ಅದನ್ನೂ ಬರೆಯಬೇಕು: ತಿನ್ನುತ್ತಿದ್ದೆ.

ಗುರುವಾರ ಹತ್ತನೇ ದಿನದ ಕೊನೆಯ ಎಣಿಕೆ. ಮೂಲಂಗಿಗೆ ನಾಲ್ಕನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ. ಮೌನದ ಬೀರುವಿನ ಮೂರನೇ ಟ್ರೇಯನ್ನು ಕೊನೆಗೆ ಉಳಿಸಿಕೊಂಡೆ. ಹೊರಗೆ ತೆಗೆದು ನೋಡಿದರೆ ಆ ಮೂವತ್ತೆರಡರ ಜಾಗದಲ್ಲಿ ಹಸಿರು ಕಂಡಿತು. ಫೋನಿಲ್ಲದ ಮೇಲೆ ಕಾಗದ ಮತ್ತೆ ಒದ್ದೆಯಾಗಿ, ತಡವಾಗಿ ಎದ್ದಿದ್ದವು. ಗಿಡ್ಡ, ಸೊಟ್ಟ, ಒಂದೆರಡು ಇನ್ನೂ ಸಿಪ್ಪೆಯ ಟೋಪಿ ಕಳಚದೆ. ನನಗೆ ಎದೆ ಹಗುರಾಯಿತು. ಸತ್ತಿಲ್ಲ, ನಾನು ಕೊಂದಿಲ್ಲ ಎಂದುಕೊಂಡೆ. ಹಸಿರನ್ನೇ ಎಣಿಸಿದೆ.

"ತೊಂಬತ್ತೊಂದು ಮೇಡಂ."

ಮೇಡಂ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಎಷ್ಟೋ ದಿನಕ್ಕೆ ನಗು. "ನೋಡಿದ್ಯಾ? ಬೀಜ ಸರಿ ಇದೆ, ಬೀರು ಸರಿ ಇದೆ. ಶುಕ್ರವಾರದ ಎಣಿಕೆಯೇ ತಪ್ಪು. ಪಾಪ, ಅವರ ಕಣ್ಣು ಹೋಗಿದೆ. ಆ ಐವತ್ತೊಂಬತ್ತನ್ನ ಹೊಡೆದು ಪಕ್ಕದಲ್ಲಿ ‘ಎಣಿಕೆ ದೋಷ’ ಅಂತ ಬರೆದು ಸಹಿ ಹಾಕು."

ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಮೂವತ್ತಮೂರು ವರ್ಷದ ರಿಜಿಸ್ಟರುಗಳಲ್ಲಿ ನೂರಕ್ಕನ ಸಂಖ್ಯೆಯ ಮೇಲೆ ಒಂದು ಗೀಟು ಬಿದ್ದದ್ದಿಲ್ಲ. ಮೊದಲ ಗೀಟು ನನ್ನ ಕೈಯಿಂದ ಬೀಳಬೇಕಿತ್ತು.

"ಒಂದು ನಿಮಿಷ ಮೇಡಂ, ಇನ್ನೊಂದು ಸಲ ಎಣಿಸ್ತೀನಿ," ಎಂದೆ.

ಟ್ರೇ ಮುಂದೆ ಕೂತೆ. ಈ ಸಲ ನೂಲು ಸುತ್ತಿದ ಕುಂಚವನ್ನೇ ತೆಗೆದುಕೊಂಡೆ. ಸತ್ತವನ್ನು ಮೊದಲು. ಒಂದು, ಎರಡು. ನಾನು ಮೊಳೆತಿದೆ ಎಂದುಕೊಂಡದ್ದರಲ್ಲಿ ಮೂರು ಬರೀ ಉಬ್ಬಿದ್ದವು, ಕುಂಚ ತಾಗಿದರೆ ಮೆತ್ತಗೆ ಒಡೆದು ಕೊಳೆತ ವಾಸನೆ ಬಂತು. ಹನ್ನೆರಡು ಸತ್ತಿದ್ದವು. ಎಂಬತ್ತೆಂಟು ಬದುಕಿದ್ದವು. ನೂರಕ್ಕನ ಎಣಿಕೆಯಲ್ಲಲ್ಲ, ನನ್ನ ಎಣಿಕೆಯಲ್ಲಿ ಮೂರು ತಪ್ಪು.

ಹೊರಗೆ ಹೋಗಿ ಗೂಡಿನಿಂದ ಫೋನು ತಂದೆ. ಬಾಗಿಲಣ್ಣ "ಏಯ್, ಏಯ್" ಎನ್ನುತ್ತ ಹಿಂದೆಯೇ ಬಂದ. ಮೇಡಂ ಮೇಜಿನ ಮೇಲೆ ಪೆನ್ಸಿಲ್ ಹಾಳೆ ಬಿಡಿಸಿ ಅದರ ಮೇಲೆ ಫೋನು ಇಟ್ಟೆ. ಮಾತು ಜೋಡಿಸಲಿಲ್ಲ.

"ನಾಲ್ಕು ದಿನ ಇದು ಮೂರನೇ ಟ್ರೇ ಅಡಿ ಇತ್ತು. ಚಾರ್ಜರ್ ಸಮೇತ. ನಾನೇ ಇಟ್ಟಿದ್ದು. ಶುಕ್ರವಾರದ ಎಣಿಕೆ ಸರಿ ಇದೆ."

ಮೇಡಂ ಹಾಳೆಯನ್ನು ನೋಡಿದರು, ಫೋನನ್ನು ಸ್ವಲ್ಪ ಸರಿಸಿ ಮತ್ತೆ ಅದೇ ಜಾಗಕ್ಕೆ ಇಟ್ಟು ನೋಡಿದರು. ಬಾಗಿಲಣ್ಣ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ.

"ಈ ಹಾಳೆ ಯಾರದು?"

"ನೂರಕ್ಕಂದು. ಶುಕ್ರವಾರದ್ದು."

"ಆರು ದಿನ," ಎಂದರು ಮೇಡಂ. "ಆರು ದಿನ ಮುಚ್ಚಿಟ್ಟು, ಅವರ ಕುರ್ಚಿಯಲ್ಲೂ ಕೂತಿದ್ದೀಯ."

"ಹೌದು ಮೇಡಂ."

ಬೈದಿದ್ದರೆ ಚೆನ್ನಾಗಿತ್ತು. ಇದು ತರಂಗದ ಕೆಲಸವೋ ಬಿಸಿಯದೋ ಎಂದು ನಾನೇ ಕೇಳಿದೆ, ಕೇಳುವ ಹಕ್ಕಿಲ್ಲದಿದ್ದರೂ. "ಬಿಸಿಗೆ ಕಾಗದ ಒಣಗಿರಬೇಕು. ಎದುರಿನ ಬೀರುವಿನಲ್ಲಿ ಹಗಲೂ ರಾತ್ರಿ ತರಂಗ ಇತ್ತಲ್ಲ, ಅಲ್ಲಿ ಏನೂ ಆಗಿಲ್ಲ. ಆದರೆ ಇಷ್ಟು ಹತ್ತಿರ ಇಟ್ಟು ನಾನು ನೋಡಿಲ್ಲ. ಅಂದರೆ, ಗೊತ್ತಿಲ್ಲ. ಈ ಸುತ್ತು ಪೂರ್ತಿ ಹೋಯ್ತು, ಸಸಿಯವರಿಗೆ ಇನ್ನೊಂದು ತಿಂಗಳು ಕಾಯಿರಿ ಅಂತ ಹೇಳಬೇಕು," ಎಂದು ನೂರಕ್ಕನನ್ನು ಮೇಲೆ ಕರೆಸಿದರು.

ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು ಫೋನನ್ನೂ ಹಾಳೆಯನ್ನೂ ನೋಡಿದಳು.

"ನಿಮಗೆ ಗೊತ್ತಿತ್ತು. ಮತ್ತೆ ನೀರು ಕಡಿಮೆ ಹಾಕಿದೆ ಅಂದ್ರಲ್ಲ?" ಎಂದು ಮೇಡಂ ಕೇಳಿದರು.

"ಹಾಕಿರಬಹುದು ಅಂದೆ ಮೇಡಂ. ಎಣಿಕೆ ತಪ್ಪು ಅಂತ ನಾನು ಅನ್ನಲಿಲ್ಲ."

ಮೆಟ್ಟಿಲಿಳಿಯುವಾಗ ಅವಳ ಹಿಂದೆ ಹೋದೆ. ತಿರುವಿನಲ್ಲಿ ಕೈ ಹಿಡಿದು, "ಅಕ್ಕಾ, ನನ್ನ ಉಳಿಸೋಕೆ ಅಂತ ನೀನು..." ಎಂದೆ.

ಕೈ ಬಿಡಿಸಿಕೊಂಡಳು. "ಉಳಿಸೋಕೆ ಅಲ್ಲ. ನಿನಗೆ ಮಾತಿಗೆ ಜಾಗ ಕೊಟ್ಟೆ. ಅಲ್ಲೇ ಹೇಳ್ತೀಯೇನೋ ಅಂತ ಕಾದೆ. ಹಾಳೆ ಇಟ್ಟೆ, ಶನಿವಾರ ಹೇಳ್ತೀಯೇನೋ ಅಂತ ಕಾದೆ. ನೀನು ಮನೆಗೆ ಬಂದೆ, ಕೆಳಗಿನ ಬೀಗದವನಿಗೂ ಸುಮ್ನಿರೋ ಅಂದಿದ್ದೆ ಮನಸ್ಸಲ್ಲಿ. ಎಷ್ಟು ದಿನ ಅಂತ ಎಣಿಸ್ತಿದ್ದೆ." ಒಂದು ಮೆಟ್ಟಿಲು ಇಳಿದು, "ಮಗು ವಿಷಯ ನನಗೆ ಹೇಳಿದ್ದಿದ್ರೆ ಜೇಬು ನಾನೇ ಬಿಚ್ಚಿ ಕೊಡ್ತಿರ್ಲಿಲ್ಲ, ಅದು ನಿಜ. ಆದ್ರೆ ಗಂಟೆಗೊಂದು ಸಲ ನಾನೇ ಹೊರಗೆ ಹೋಗಿ ನೋಡ್ಕೊಂಡು ಬರ್ತಿದ್ದೆ, ನಿನ್ನ ಫೋನು," ಎಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಕೇಳಬಹುದಿತ್ತು.

ಮನೆಯಲ್ಲಿ ಅತ್ತೆಗೆ ಹೇಳಿದೆ. ಮಗುವಿಗೆ ಉಣಿಸುತ್ತಿದ್ದವರು ಚಮಚ ಹಿಡಿದೇ ಕೂತರು. "ಕಳಿಸಿದ್ದು ನಾನಲ್ವೇನೇ, ದಿನಕ್ಕೆ ಎಂಟು ಸಲ. ನನ್ನನ್ನೂ ಸೇರಿಸ್ಕೋ," ಎಂದರು. ಸೇರಿಸಿಕೊಳ್ಳಲಾಗದು. "ಇಲ್ಲ ಮೇಡಂ" ಎಂದವಳು ನಾನೊಬ್ಬಳೇ.

ಈಗ ಚೀಟಿ ಕೋಣೆಯಲ್ಲಿರುವುದು ನಾನು. ಕೆಲಸ ಉಳಿಯಿತು, ಅದು ಮೇಡಂ ದೊಡ್ಡತನ. ಪಂಪಿನ ಚೀಲವನ್ನು ಬಾಗಿಲಣ್ಣ ಈಗ ಎಲ್ಲರದನ್ನೂ ಬಿಚ್ಚಿ ನೋಡುತ್ತಾನೆ. ನನ್ನ ಬಳಿಕ ಹೆತ್ತು ಬಂದ ತೂಕದ ಕೋಣೆಯ ಹುಡುಗಿ ಅದಕ್ಕಾಗಿ ದಿನವೂ ಕೆಂಪಾಗುತ್ತಾಳೆ. ಅದೂ ನನ್ನ ಲೆಕ್ಕಕ್ಕೇ.

ನೂರಕ್ಕ ಮೇಲೆ, ತನ್ನ ಮೇಜಿಗೆ ಮರಳಿದಳು. ಆದರೂ ಕಣ್ಣು ತೋರಿಸಿಕೊಳ್ಳಲು ಅವಳೇ ಹೋದಳು. ಬಲಗಣ್ಣಿನಲ್ಲಿ ಪೊರೆ ಇತ್ತು, ದಪ್ಪಗೆ. ಅಷ್ಟು ದಿನ ಅವಳು ಎಣಿಸಿದ್ದು ಒಂದು ಕಣ್ಣು ಮತ್ತು ಕುಂಚದ ತುದಿಯ ನಂಬಿಕೆಯ ಮೇಲೆ, ಎಣಿಕೆ ಮಾತ್ರ ತಪ್ಪಿರಲಿಲ್ಲ. ಆ ವರದಿ ಬಂದ ಮೇಲೆ ಮೇಡಂ ಒಂದು ಹೊಸ ಕ್ರಮ ಮಾಡಿದರು: ಅವಳು ಎಣಿಸಿದ ಪ್ರತಿ ಟ್ರೇಯನ್ನೂ ಇನ್ನೊಬ್ಬರು ಮತ್ತೆ ಎಣಿಸಬೇಕು. ರಿಜಿಸ್ಟರಿನಲ್ಲಿ ಎರಡು ಸಹಿ. ಯಾರೂ ತಪ್ಪು ಎನ್ನುವಂತಿಲ್ಲ, ಕ್ರಮ ಸರಿಯಾದದ್ದೇ. ಆದರೆ ಮೂವತ್ತಮೂರು ವರ್ಷ ಅವಳ ಒಂದು ಸಹಿ ಸಾಕಾಗುತ್ತಿತ್ತು. ಆ ಒಂದು ಸಹಿ ಸಾಲದಂತೆ ಮಾಡಿದ್ದು ನನ್ನ ಆರು ದಿನ.

ನಾನು ಒಪ್ಪಿಕೊಂಡ ಮರುದಿನ, ಶುಕ್ರವಾರ ಮಧ್ಯಾಹ್ನ, ಬಿಸಾಡಬೇಕಿದ್ದ ಆ ಮೂರನೇ ಟ್ರೇಯನ್ನು ಹಿಡಿದು ನೂರಕ್ಕ ಕೆಳಗೆ ಬಂದಳು. ಅಂಟಿನ ಬಟ್ಟಲು ಸರಿಸಿ ನನ್ನ ಮುಂದೆ ಇಟ್ಟಳು. ಸಸಿಗಳು ಇನ್ನಷ್ಟು ಎದ್ದಿದ್ದವು, ಆ ಫೋನಿನ ಜಾಗದವು ಮಾತ್ರ ಇನ್ನೂ ಗಿಡ್ಡ, ತಲೆ ಒಂದೇ ಕಡೆ ವಾಲಿದ್ದವು. ಕಿಸೆಯಿಲ್ಲದ ಕೋಟಿನ ತೋಳಿನಿಂದ ಕುಂಚ ತೆಗೆದು ಕೊಟ್ಟಳು.

"ಎಣಿಸು."

ಸತ್ತವನ್ನು ಮೊದಲು ಎಣಿಸಿದೆ. "ಹನ್ನೆರಡು."

"ಇನ್ನೊಂದು ಸಲ."

ಅಂಟು ಮೆತ್ತಿದ ಬೆರಳನ್ನು ಕೋಟಿಗೆ ಒರೆಸಿಕೊಂಡು, ಮೊದಲ ಸಾಲಿನಿಂದ ಮತ್ತೆ ಹಿಡಿದೆ. ಅವಳು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ನನ್ನ ಬಾಯಿಂದ ಬೀಳುವ ಸಂಖ್ಯೆ ಕೇಳುತ್ತಿದ್ದಳು. ಏಳನೇ ಸಾಲಿನಲ್ಲಿ ಒಂದು ಉಬ್ಬಿದ್ದು ಕಂಡಿತು. ಕುಂಚ ತಾಗಿಸಿ ನೋಡಿದೆ.

"ಹನ್ನೆರಡೇ," ಎಂದೆ.

"ಬರ್ಕೋ," ಎಂದಳು.